ನಾಲ್ಕು ಬಾಗಿಲಿನ ಡಾಡ್ಜ್

ಟಿ. ನಗರ, ಚೆನ್ನೈ
8 ಜುಲೈ 2024

ತಮ್ಮಯ್ಯಣ್ಣನಿಗೆ ಜಲಜಾಕ್ಷಿಯ ನಮಸ್ಕಾರ.

ಇದು ಕ್ಷೇಮಸಮಾಚಾರದ ಕಾಗದ ಅಲ್ಲ, ಕೆಲಸದ ಕಾಗದ. ಮೊದಲು ಫೋನ್ ಮಾಡಿದ್ದೆ. ನಿಮ್ಮ ಮೊಮ್ಮಗಳು ವೀಕ್ಷಾ, "ಅಜ್ಜನಿಗೆ ಫೋನಲ್ಲಿ ಕೇಳುದಿಲ್ಲ, ಕಾಗದ ಹಾಕಿ, ಎರಡೆರಡು ಸಲ ಓದ್ತಾರೆ" ಅಂದಳು. ಹಾಗಾಗಿ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು, ಗಿರಾಕಿಗಳ ನಡುವೆ ಬರೆಯುತ್ತಿದ್ದೇನೆ. ಅಕ್ಷರ ಓರೆಕೋರೆ ಆದರೆ ಸುಧಾರಿಸಿಕೊಳ್ಳಿ.

ವಿಷಯ ಇಷ್ಟು. ಅಪ್ಪಯ್ಯನ ಡಾಡ್ಜ್ ಗಾಡಿಯನ್ನು ಗೋದಾಮಿನಿಂದ ಹೊರಗೆ ಎಳೆಸಿದ್ದೇನೆ. ತೊಂಬತ್ತಮೂರರಲ್ಲಿ ನೀವು ಬಿಟ್ಟುಹೋದ ಮೇಲೆ ಅದನ್ನು ಯಾರೂ ಓಡಿಸಲಿಲ್ಲ, ಅಪ್ಪಯ್ಯ ಮಾರಲೂ ಬಿಡಲಿಲ್ಲ. ಸೀಟಿನೊಳಗೆ ಇಲಿಗಳು ಮಕ್ಕಳು ಮೊಮ್ಮಕ್ಕಳನ್ನು ಕಂಡಿವೆ. ಹಿಂದಿನ ತೊಟ್ಟಿಯ ತಳ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಆದರೆ ಚಾಸಿ ಗಟ್ಟಿ ಉಂಟು, ನಾಲ್ಕು ಬಾಗಿಲೂ ಉಂಟು. ಇಂಥ ನಾಲ್ಕು ಬಾಗಿಲಿನ ಪಿಕಪ್ಪಿಗೆ ಅಮೆರಿಕದಲ್ಲಿ ಕ್ರೂ ಕ್ಯಾಬ್ ಅನ್ನುತ್ತಾರಂತೆ. ನನ್ನ ಮಗಳು ನಿಖಿತಾ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು. ನಮಗೆ ಅದು ಯಾವತ್ತೂ ಅಡುಗೆಯವರ ಗಾಡಿ. ಮುಂದೆ ನೀವು, ಹಿಂದಿನ ಸೀಟಿನಲ್ಲಿ ಅಡುಗೆಯವರು, ಅವರ ಕಾಲಬುಡದಲ್ಲಿ ಸಾಂಬಾರಿನ ಡ್ರಮ್ಮು, ತೊಟ್ಟಿಯಲ್ಲಿ ಉಳಿದ ಪಾತ್ರೆಗಳು.

ಬರುವ ಫೆಬ್ರವರಿ ಎರಡಕ್ಕೆ ನಮ್ಮ ಹೋಟೆಲಿಗೆ ಅರುವತ್ತು ತುಂಬುತ್ತದೆ. ಹಳೆ ಕೆಲಸದವರನ್ನೆಲ್ಲ ಮೈಲಾಪುರದ ಒಂದು ಕಲ್ಯಾಣ ಮಂಟಪಕ್ಕೆ ಊಟಕ್ಕೆ ಕರೆದಿದ್ದೇನೆ. ಅವತ್ತಿನ ಅಡುಗೆ ಈ ಗಾಡಿಯಲ್ಲೇ ಹೋಗಬೇಕು, ಗಾಡಿಯನ್ನು ನೀವೇ ಓಡಿಸಬೇಕು. ಬೇರೆ ಡ್ರೈವರನ್ನು ನಾನು ಹುಡುಕುವುದಿಲ್ಲ. ನನಗೆ ಸ್ಟಿಯರಿಂಗ್ ಹಿಡಿಯಲು, ನೀರು ಆಯಿಲ್ ನೋಡಲು ಕಲಿಸಿದವರು ನೀವು. ನೀವಿಲ್ಲದೆ ಅದು ಗೇಟು ದಾಟುವುದು ನನಗೆ ಬೇಡ.

ಮೆಕ್ಯಾನಿಕ್ ಚಂದು ಇಲ್ಲಿಯ ಹುಡುಗನೇ, ನಲವತ್ತು ವರ್ಷದವ, ಕೈ ಶುದ್ಧ. ಬಿಚ್ಚಿದ್ದನ್ನೆಲ್ಲ ನಮ್ಮ ಜಾನಕಿ ದೊಡ್ಡಮ್ಮನ ಹಳೆ ಡಬ್ಬಿಗಳಲ್ಲಿ ತುಂಬಿಟ್ಟಿದ್ದೇನೆ. ಇಂಗಿನ ಡಬ್ಬಿಯಲ್ಲಿ ವಾಷರು, ಕಾಫಿಪುಡಿ ಡಬ್ಬಿಯಲ್ಲಿ ನಟ್ಟು. ನಮ್ಮಲ್ಲಿ ಖಾಲಿ ಡಬ್ಬಿ ಎಸೆಯುವ ಕ್ರಮ ಇಲ್ಲವಲ್ಲ. ಯಾವ ಸಾಮಾನು ಯಾವ ಗಾಡಿಯದು ಅಂತ ನೀವು ಬರೆದು ಕಳಿಸಿ.

ಜಲಜಾಕ್ಷಿ


ಸಾಲಿಗ್ರಾಮ
19 ಜುಲೈ 2024

ಜಲಜಾಕ್ಷಿಯಮ್ಮನವರಿಗೆ,

ಕಾಗದ ತಲುಪಿತು. ಕೇಳಿದ್ದಕ್ಕೆ ಉತ್ತರ.

ಎಂಜಿನ್ ಮೂಲದ್ದಲ್ಲ. ಪೆಟ್ರೋಲ್ ಎಂಜಿನ್ ತೆಗೆಸಿ ಧನಿಗಳು ಎಂಬತ್ತೊಂದರಲ್ಲಿ ಡೀಸೆಲ್ ಹಾಕಿಸಿದರು. ಟ್ರ್ಯಾಕ್ಟರಿಗೆ ಹಾಕುವ ಜಾತಿಯದೇ. ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಿಗುತ್ತದೆ, ಹೆದರಬೇಡಿ.

ಮುಂದಿನ ಬಾಗಿಲಿನ ಸಾಮಾನು ಸಾದಾ ಪಿಕಪ್ಪಿನದೇ ಆಗುತ್ತದೆ. ಕಷ್ಟ ಇರುವುದು ಹಿಂದಿನ ಬಾಗಿಲಿನದು. ಬಲಗಡೆ ಹಿಂದಿನ ಬಾಗಿಲಿನ ಹಿಡಿ ಅಂಬಾಸಿಡರಿನದು, ನಾನೇ ಕೊರೆದು ಕೂರಿಸಿದ್ದು. ಅದೇ ಬಾಗಿಲಿನ ಗಾಜು ಏರಿಸುವ ಯಂತ್ರ ಎಂಬತ್ತೆಂಟರಿಂದಲೇ ಇಲ್ಲ, ಗಾಜಿನ ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಿದ್ದೆ.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿ. ಹಿಂಬದಿಯಲ್ಲಿ ವ್ಯಾಕ್ಯೂಮ್ ಪಂಪ್ ಇರುವಂಥದ್ದು ನೋಡಿ, ಬ್ರೇಕಿಗೆ ಬೂಸ್ಟರ್ ಕೂರಿಸಲು ಬೇಕಾಗುತ್ತದೆ. ಬ್ರೇಕಿನ ಹಳೆ ಸಾಮಾನು ಒಂದೂ ಬೇಡ. ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ನೋಡುವ ಕೆಲಸ ಬೇಡ, ಇಡಿಯಾಗಿ ಎಸೆದುಬಿಡಿ. ಇದನ್ನು ಮರೆಯಬೇಡಿ.

ಅಡುಗೆಯ ಸತ್ಯನಾರಾಯಣನ ಕಾಲು ಹೇಗಿದೆ?

ತಮ್ಮಯ್ಯ


ಟಿ. ನಗರ
11 ಆಗಸ್ಟ್ 2024

ತಮ್ಮಯ್ಯಣ್ಣ,

ಬರುತ್ತೀರಾ ಇಲ್ಲವಾ ಅಂತ ಕೇಳಿದರೆ ಮರದ ತುಂಡಿನ ಕತೆ ಬರೆದು ಕಳಿಸಿದ್ದೀರಿ. ಇರಲಿ, ಮರದ ತುಂಡು ಸಿಕ್ಕಿತು. ಬಾಗಿಲಿನೊಳಗೆ ಹಾಗೇ ಕೂತಿತ್ತು.

ಹಳೆ ಗಾಡಿ ಸಾಮಾನು ಹುಡುಕಿ ಪುದುಪೇಟೆಗೆ ಮೂರು ದಿನ ಅಲೆದೆ. ಒಂದೊಂದು ಅಂಗಡಿಯವನೂ ಹಿಂದಿನ ಬಾಗಿಲಿನ ಚಿತ್ರ ನೋಡಿ, "ಇಪ್ಪಡಿ ಒಂದು ವಂಡಿಯೇ ಇಲ್ಲೆಮ್ಮಾ" ಅಂತ ನನಗೇ ಬುದ್ಧಿ ಹೇಳಿದ. ಇಂಥ ಗಾಡಿಯೇ ಇಲ್ಲವಂತೆ. ನಾನು ಹನ್ನೆರಡು ವರ್ಷ ಕೂತು ಓಡಾಡಿದ್ದು ಕನಸಾ ಹಾಗಾದರೆ? ಕಡೆಗೆ ಒಬ್ಬ ಮುದುಕರು ಸೌಕಾರ್‌ಪೇಟೆಯ ಮನೀಶನ ವಿಳಾಸ ಕೊಟ್ಟರು. ಅವನ ಅಜ್ಜ ಲಾರಿ ಸಾಮಾನಿನ ವ್ಯಾಪಾರ ಮಾಡಿದವರು. ಈಗ ಕೆಳಗೆ ಸೀರೆ ಅಂಗಡಿ, ಮೇಲಿನ ಅಟ್ಟದಲ್ಲಿ ಇನ್ನೂ ಅಜ್ಜನ ಮಾಲು. ಸೀರೆ ಗಂಟುಗಳ ಹಿಂದೆ ಎಣ್ಣೆಕಾಗದದಲ್ಲಿ ಸುತ್ತಿಟ್ಟ ಗಾಜಿನ ಯಂತ್ರ ಸಿಕ್ಕಿತು ನೋಡಿ, ಹೊಚ್ಚ ಹೊಸದು, ಆದರೆ ಎಡಗಡೆಯದು. ಚಂದು ಅದರ ಹಲ್ಲಿನ ಚಕ್ರ ತಿರುಗಿಸಿ ಕೂರಿಸಿ ಬಲಗಡೆಗೆ ಮಾಡಿಕೊಟ್ಟ. ಈಗ ಗಾಜು ಬೆಣ್ಣೆಯ ಹಾಗೆ ಏರುತ್ತದೆ.

ಇನ್ನು ನನ್ನ ಪಟ್ಟಿ ಕೇಳಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಪವರ್ ಸ್ಟಿಯರಿಂಗು, ಐವರಿಗೂ ಸೀಟ್ ಬೆಲ್ಟು, ಎ.ಸಿ. ನಿಮಗೆ ಎಪ್ಪತ್ತಮೂರು ಅಂತ ನನಗೆ ಗೊತ್ತುಂಟು. ನಿಮ್ಮ ತೋಳಿಗೆ ನೋವಾಗಬಾರದು ಅಂತಲೇ ಇಷ್ಟೆಲ್ಲ.

ಸತ್ಯನಾರಾಯಣ ಇಲ್ಲೇ ಇದ್ದಾರೆ. ದೋಸೆ ಕಲ್ಲಿನ ಹತ್ತಿರ ಈಗ ನಿಲ್ಲುವುದಿಲ್ಲ, ಆದರೆ ಚಟ್ನಿಯ ಉಪ್ಪು ಅವರು ನೋಡದೆ ಹೊರಗೆ ಹೋಗುವುದಿಲ್ಲ. ಕಾಲಿನ ಕಲೆ ಉಂಟು, ನೋವು ಇಲ್ಲವಂತೆ.

ನೀವು ಆಗ ಹೊರಟದ್ದು ಅಪ್ಪಯ್ಯನ ಮೇಲಿನ ಸಿಟ್ಟಿನಿಂದ ಅಂತ ನನಗೆ ಗೊತ್ತು. ಅಪಘಾತ ಆದ ದಿನ ಅವರು ನಿಮ್ಮ ಹತ್ತಿರ ಒಂದು ಮಾತೂ ಆಡಲಿಲ್ಲ. ಅವರು ಹೋಗಿ ಹದಿನಾಲ್ಕು ವರ್ಷ ಆಯಿತು. ಸತ್ತವರ ಮೇಲೆ ಇನ್ನೂ ಎಂತ ಸಿಟ್ಟು ಮಾರಾಯ್ರೆ?

ಜಲಜಾಕ್ಷಿ


ಸಾಲಿಗ್ರಾಮ
23 ಆಗಸ್ಟ್ 2024

ಜಲಜಾಕ್ಷಿಯಮ್ಮನವರಿಗೆ,

ಎ.ಸಿ. ಬೇಡ. ಕಿಟಕಿ ಮುಚ್ಚಿದರೆ ಸಾಂಬಾರಿನ ಬಿಸಿ ಒಳಗೇ ಕೂರುತ್ತದೆ, ಅಡುಗೆಯವರು ಬೆಂದುಹೋಗುತ್ತಾರೆ. ಪವರ್ ಸ್ಟಿಯರಿಂಗ್ ಹಾಕಿಸಿ, ಆದರೆ ಯಾವ ಗಾಡಿಯದು ಎಂದು ನನಗೆ ತಿಳಿಸಿ. ಸ್ಟಿಯರಿಂಗ್ ಪೆಟ್ಟಿಗೆ ಕೂರಿಸುವ ಜಾಗದಲ್ಲಿ ಚಾಸಿಗೆ ಒಳಗಿಂದ ತಗಡಿನ ಆಸರೆ ಕೊಡಬೇಕು. ಇಲ್ಲದಿದ್ದರೆ ಆರು ತಿಂಗಳಿಗೆ ಬಿರುಕು ಬಿಡುತ್ತದೆ.

ಧನಿಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಹಾಗೆ ತಿಳಿಯಬೇಡಿ.

ಜೊತೆಗೆ ಬಸ್ ಪಾರ್ಸೆಲ್ಲಿನಲ್ಲಿ ಒಂದು ಸಣ್ಣ ಪೊಟ್ಟಣ ಕಳಿಸಿದ್ದೇನೆ. ಗಾಡಿಯ ಕೀಲಿ. ಬರುವಾಗ ಜೇಬಿನಲ್ಲೇ ಬಂದಿತ್ತು. ಕೊಡಬೇಕು ಕೊಡಬೇಕು ಎಂದು ಇಷ್ಟು ವರ್ಷ ಆಯಿತು.

ನಾನು ಗಾಡಿ ಓಡಿಸುವುದಿಲ್ಲ. ಬೇರೆಯವರನ್ನು ನೋಡಿಕೊಳ್ಳಿ.

ತಮ್ಮಯ್ಯ


ಟಿ. ನಗರ
9 ಸೆಪ್ಟೆಂಬರ್ 2024

ತಮ್ಮಯ್ಯಣ್ಣ,

ಕೀಲಿ ಬಂತು. ಒಂದು ಚೂರು ತುಕ್ಕಿಲ್ಲ. ಮೂವತ್ತೊಂದು ವರ್ಷ ಎಣ್ಣೆ ಹಚ್ಚಿ ಕಾಪಾಡಿದವರು ಗಾಡಿ ಓಡಿಸುವುದಿಲ್ಲ ಅಂದರೆ ನಂಬಲು ನಾನೇನು ಸಣ್ಣ ಮಗುವಾ? ನಿಮ್ಮದು ಒಪ್ಪಿಗೆ ಅಂತಲೇ ಬರೆದುಕೊಂಡಿದ್ದೇನೆ. ಊಟದ ಪಟ್ಟಿಯಲ್ಲೂ ನಿಮ್ಮ ಹೆಸರು ಸೇರಿಸಿ ಆಯಿತು.

ಎ.ಸಿ. ಬಿಟ್ಟೆ. ನಿಮ್ಮ ಮಾತಿಗಲ್ಲ, ಸತ್ಯನಾರಾಯಣರೂ ಅದನ್ನೇ ಹೇಳಿದರು. ಸ್ಟಿಯರಿಂಗಿನದು ಜೀಪಿನ ಪೆಟ್ಟಿಗೆ, ಚಾಸಿಗೆ ಆಸರೆ ಕೊಡಿಸಿದ್ದೇನೆ. ಆಲ್ಟರ್ನೇಟರು ನೀವು ಹೇಳಿದ ಜಾತಿಯದೇ ಸಿಕ್ಕಿತು. ಎಂಜಿನ್ ಮೊನ್ನೆ ಶುಕ್ರವಾರ ಸ್ಟಾರ್ಟ್ ಆಯಿತು. ಆ ಸದ್ದಿಗೆ ಹೋಟೆಲಿನ ಗಿರಾಕಿಗಳು ಕೈತೊಳೆಯದೆ ಹೊರಗೆ ಬಂದು ನಿಂತರು. ನಿಖಿತಾ ತಮಿಳಿನಲ್ಲೇ ಅಳುತ್ತಾ ನಗುತ್ತಾ ಏನೇನೋ ಹೇಳಿದಳು, ನಾನೂ ಅತ್ತೆ.

ಬಣ್ಣ ಹಳೆಯದೇ, ಕೆಳಗೆ ಹಸಿರು, ಮೇಲೆ ಕೆನೆ. ಈ ವಾರದಲ್ಲಿ ಬ್ರೇಕಿನ ಕೆಲಸ. ಹೊಸ ಸಾಮಾನು ಬಂದು ಕೂತಿದೆ. ಹಳೆ ಸಿಲಿಂಡರನ್ನು ಬಿಚ್ಚದೆ ಎಸೆಯಿರಿ ಅಂದಿದ್ದೀರಿ, ನಮ್ಮ ಮನೆಯಲ್ಲಿ ಹುಟ್ಟಿದವಳಿಂದ ಅದಾಗುವ ಕೆಲಸವಾ? ಒಳಗೆ ಚೆನ್ನಾಗಿದ್ದರೆ ಅಳತೆಗಾದರೂ ಇಟ್ಟುಕೊಳ್ಳುತ್ತೇನೆ.

ಜಲಜಾಕ್ಷಿ


ಸಾಲಿಗ್ರಾಮ
3 ಅಕ್ಟೋಬರ್ 2024

ಜಲಜಾಕ್ಷಿಯಮ್ಮನವರಿಗೆ,

ನಿಮ್ಮ ಕಾಗದ ಇಲ್ಲದೆ ಮೂರು ವಾರ ಆಯಿತು. ಬ್ರೇಕು ಬಿಚ್ಚಿದಿರೋ? ಏನು ಕಂಡಿತು? ಬರೆಯಿರಿ.

ತಮ್ಮಯ್ಯ


ಟಿ. ನಗರ
14 ಅಕ್ಟೋಬರ್ 2024

ತಮ್ಮಯ್ಯಣ್ಣನವರಿಗೆ,

ಇಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿದೆ. ಡಿಸ್ಕ್ ಬ್ರೇಕ್ ಕೂರಿಸಿ ಆಯಿತು. ಸೀಟಿಗೆ ಹೊಸ ರೆಕ್ಸಿನ್ ಹೊಲಿಸಿದೆ. ಎಫ್.ಸಿ. ಪರೀಕ್ಷೆಗೆ ಡಿಸೆಂಬರಿನಲ್ಲಿ ಆರ್.ಟಿ.ಒ. ಆಫೀಸಿಗೆ ಒಯ್ಯಬೇಕು. ಹಬ್ಬದ ಆರ್ಡರುಗಳಿಂದ ಕೈ ಬಿಡುವಿಲ್ಲ. ಈ ಸಲ ಆಯುಧಪೂಜೆಯನ್ನು ಸಣ್ಣದಾಗಿ ಮುಗಿಸಿದೆವು.

ಆರೋಗ್ಯ ನೋಡಿಕೊಳ್ಳಿ.

ಜಲಜಾಕ್ಷಿ


ಸಾಲಿಗ್ರಾಮ
4 ನವೆಂಬರ್ 2024

ಜಲಜಾಕ್ಷಿಯಮ್ಮನವರಿಗೆ,

ನಿಮ್ಮ ಕಳೆದ ಕಾಗದವನ್ನು ಹತ್ತು ಸಲ ಓದಿದೆ. ನೀವು ಬರೆಯುವ ಕಾಗದದ ಹಾಗೆ ಅದು ಇರಲಿಲ್ಲ. ನೀವು ಸಿಲಿಂಡರನ್ನು ಬಿಚ್ಚಿದ್ದೀರಿ, ಒಳಗೆ ಎಲ್ಲ ಸರಿಯಾಗಿದ್ದದ್ದನ್ನು ಕಂಡಿದ್ದೀರಿ. ನನಗೆ ಗೊತ್ತಾಯಿತು. ಇನ್ನು ಮುಚ್ಚಿಡುವುದು ಮರ್ಯಾದೆ ಅಲ್ಲ.

ಅವತ್ತು ದೀಪಾವಳಿಯ ಹಿಂದಿನ ದಿನ ಬೆಳಿಗ್ಗೆ ಐದೂವರೆ. ನಂದನಂ ಹತ್ತಿರ ಎದುರಿಗೆ ಲಾರಿ ನಿಂತಿತ್ತು. ನಾನು ಬ್ರೇಕ್ ಒತ್ತಿದೆ, ಪೆಡಲು ನೆಲಕ್ಕೆ ಹೋಯಿತು, ಗಾಡಿ ನಿಲ್ಲದೆ ಹೋಗಿ ಲಾರಿಗೆ ಹೊಡೆಯಿತು. ಧನಿಗಳಿಗೆ ಹಾಗೇ ಹೇಳಿದೆ. ಆದರೆ ಗಾಡಿ ಎಳೆದುಕೊಂಡು ಹೋದವರು ಎರಡು ಸಲ ಪೆಡಲು ತುಳಿದು ನೋಡಿದರಂತೆ, ಗಟ್ಟಿ ನಿಂತಿತಂತೆ. ಅದನ್ನು ಕೇಳಿ ಧನಿಗಳು ನನ್ನ ಮುಖ ನೋಡಿದರು, ಅಷ್ಟೆ.

ಅದಕ್ಕೆ ಮುಂಚೆ ಮೂರು ದಿನ ಹಬ್ಬದ ಆರ್ಡರಿನಲ್ಲಿ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿಹೋಗಿ, ಬ್ರೇಕ್ ಒತ್ತಿದ ಹಾಗೆ ಕನಸು ಕಂಡೆನೋ ಏನೋ. ಒತ್ತಿದ್ದೆ ಎಂದು ಎದೆ ಮುಟ್ಟಿ ಹೇಳಲು ನನ್ನಿಂದ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಕುದಿಯುವ ಸಾಂಬಾರು ಕಾಲ ಮೇಲೆ ಚೆಲ್ಲಿ ಸತ್ಯನಾರಾಯಣ ಕೂಗಿದ್ದು ಈಗಲೂ ಕೇಳುತ್ತದೆ. ಕಿವಿ ಹೋದರೂ ಅದು ಹೋಗಲಿಲ್ಲ. ನಾನು ಕೆಲಸ ಬಿಟ್ಟದ್ದು ಅದಕ್ಕೆ. ಮತ್ತೆ ಸ್ಟಿಯರಿಂಗ್ ಮುಟ್ಟದೆ ಇದ್ದದ್ದೂ ಅದಕ್ಕೆ.

ಸಿಲಿಂಡರನ್ನು ಎಸೆಯಿರಿ ಎಂದು ಬರೆದೆನಲ್ಲ, ನಿಮ್ಮ ಕಣ್ಣಿಗೆ ಬೀಳಬಾರದು ಎಂದು. ನನ್ನ ಹೆಸರನ್ನು ಊಟದ ಪಟ್ಟಿಯಿಂದ ತೆಗೆದುಬಿಡಿ.

ತಮ್ಮಯ್ಯ


ಟಿ. ನಗರ
4 ನವೆಂಬರ್ 2024

ತಮ್ಮಯ್ಯಣ್ಣ,

ಏಳು ವಾರದಿಂದ ನಾನು ನಿಮಗೆ ಸುಳ್ಳು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬರೆಯುತ್ತಲೇ ಇಲ್ಲ. ಹಬ್ಬ ಮುಗಿಯಿತು, ಇನ್ನು ನೆವ ಇಲ್ಲ.

ಸೆಪ್ಟೆಂಬರಿನಲ್ಲಿ ಚಂದು ಹಳೆ ಸಿಲಿಂಡರನ್ನು ಬಿಚ್ಚಿದ. ಒಳಗಿನ ರಬ್ಬರ್ ವಾಷರ್ ನೆನೆಸಿಟ್ಟ ಕಡಲೆಯ ಹಾಗೆ ಊದಿ ತಿರುಚಿಕೊಂಡಿತ್ತು. ಸುತ್ತ ಕಂದು ಬಣ್ಣದ ಜಿಡ್ಡು. ಬ್ರೇಕ್ ಆಯಿಲ್ ಹೀಗೆ ಕಟ್ಟುವುದಿಲ್ಲ ಅಂತ ಅವನು ತಲೆ ಕೆರೆದುಕೊಂಡ. ನಾನು ಬೆರಳಲ್ಲಿ ತೆಗೆದು ಮೂಸಿದೆ. ನನಗೆ ತಕ್ಷಣ ಗೊತ್ತಾಯಿತು. ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ದೇವರ ದೀಪದ ಕಂಬದಿಂದ ಉಜ್ಜಿ ತೆಗೆಯುವ ಜಿಡ್ಡು ಅದು. ಎಳ್ಳೆಣ್ಣೆ. ಚಂದುವೂ ಮೂಸಿ, "ಅಕ್ಕಾ, ನಲ್ಲೆಣ್ಣೈ" ಅಂದ.

ತೊಂಬತ್ತಮೂರರ ಆಯುಧಪೂಜೆ ನೆನಪು ಮಾಡಿಕೊಳ್ಳಿ. ಗಾಡಿ ತೊಳೆದು, ಹೂವು ಹಾಕಿ, ದೊಡ್ಡಮ್ಮ ಸುತ್ತಲೂ ದೀಪ ಇಟ್ಟಿದ್ದರು. ನಿಮ್ಮ ಬ್ರೇಕ್ ಆಯಿಲಿನ ಒಂದು ಡಬ್ಬಿ ಖಾಲಿಯಾಗಿತ್ತು. ಒಳ್ಳೆ ಮುಚ್ಚಳದ ಡಬ್ಬಿ, ದೊಡ್ಡಮ್ಮ ಬಿಡುತ್ತಾರಾ? ಸೀಗೆಪುಡಿಯಲ್ಲಿ ತೊಳೆದು ಒಣಗಿಸಿ ದೀಪದ ಎಣ್ಣೆ ತುಂಬಿಕೊಂಡಿದ್ದರು. ಪೂಜೆ ಆದ ಮೇಲೆ ಅದನ್ನು ಗಾಡಿಯ ಪಕ್ಕದ ಕಪಾಟಿನಲ್ಲೇ ಬಿಟ್ಟರು. ಮಾರನೆ ದಿನ ನೀವು ಊಟಕ್ಕೆ ಹೋಗಿದ್ದಾಗ ನಾನು ಬಾನೆಟ್ ಎತ್ತಿ ನೋಡಿದೆ, ಬ್ರೇಕ್ ಆಯಿಲ್ ಕಡಿಮೆ ಕಂಡಿತು. ಬ್ರೇಕ್ ಆಯಿಲೇ ಅಂದುಕೊಂಡು ಆ ಡಬ್ಬಿ ತೆಗೆದು ಸುರಿದೆ. ನೀವು ಬಂದಾಗ ಜಂಬದಿಂದ, "ಎಲ್ಲ ನೋಡಿದ್ದೇನೆ, ನೀವು ನೋಡುದು ಬೇಡ" ಅಂದೆ. ನೀವು ನನ್ನ ಮಾತು ನಂಬಿದಿರಿ.

ಮೂರು ವಾರಕ್ಕೆ ಅಪಘಾತ ಆಯಿತು. ಎಳ್ಳೆಣ್ಣೆ ತಾಗಿದರೆ ಆ ರಬ್ಬರ್ ಊದುತ್ತದಂತೆ, ಊದಿದ ವಾಷರ್ ಒಮ್ಮೆ ಬಿಡುತ್ತದೆ, ಮರುಕ್ಷಣ ಹಿಡಿಯುತ್ತದೆ, ಅದನ್ನು ನಂಬಲು ಆಗುವುದಿಲ್ಲ ಅಂತ ಚಂದು ಹೇಳುತ್ತಾನೆ. ನೀವು ಬ್ರೇಕ್ ಒತ್ತಿದ್ದಿರಿ ತಮ್ಮಯ್ಯಣ್ಣ. ಅದನ್ನು ಕೆಡಿಸಿದವಳು ನಾನು. ಆಗ ನನಗೆ ಗೊತ್ತಿರಲಿಲ್ಲ, ಅದು ನಿಜ. ಗೊತ್ತಾದ ಮೇಲೆ ಏಳು ವಾರ ಬಾಯಿ ಮುಚ್ಚಿಕೊಂಡು ಕೂತದ್ದೂ ನಿಜ. ನಿಮಗೆ ಹೆದರಿ ಅಲ್ಲ, ನಾಚಿಕೆಯಿಂದ.

ವಾಷರನ್ನು ಒಂದು ಡಬ್ಬಿಯಲ್ಲಿ ಹಾಕಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ನೀವೇ ಮೂಸಿ ನೋಡಿ.

ಜಲಜಾಕ್ಷಿ


ಸಾಲಿಗ್ರಾಮ
16 ಡಿಸೆಂಬರ್ 2024

ಜಲಜಾಕ್ಷಿಯಮ್ಮನವರಿಗೆ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಉತ್ತರ ತಡವಾಯಿತು, ಬೇಕೆಂದೇ ತಡಮಾಡಿದೆ. ನನಗೆ ನಿಮ್ಮ ಮೇಲೆ ಸಿಟ್ಟು ಬಂತು. ದೊಡ್ಡಮ್ಮನ ಮೇಲೂ ಬಂತು, ಅವರು ಇಲ್ಲ, ಬೈಯುವ ಹಾಗಿಲ್ಲ. ಮೂವತ್ತೊಂದು ವರ್ಷ ನಾನು ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತವನಲ್ಲ. ರಸ್ತೆ ಕಾಣಬಾರದು ಎಂದು ಹಿಂಬದಿಗೆ ಹೋಗಿ ಕೂರುತ್ತಿದ್ದೆ. ಪರವಾಗಿಲ್ಲ ಎಂದು ಬರೆದರೆ ಅದು ಸುಳ್ಳು.

ವಾಷರನ್ನು ಮೂಸಿದೆ. ಎಳ್ಳೆಣ್ಣೆಯೇ. ಕೈಯಲ್ಲಿ ಹಿಡಿದುಕೊಂಡು ಜಗಲಿಯಲ್ಲಿ ಕೂತೆ. ನಾನು ಒತ್ತಿದ್ದೆ ಎಂದು ವೀಕ್ಷಾಗೆ ಹೇಳಿದೆ. ಅವಳಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಹೌದು ಅಜ್ಜ ಅಂದಳು. ಅವತ್ತು ಮಧ್ಯಾಹ್ನ ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಅಂಥ ನಿದ್ದೆ ಬಂದು ಎಷ್ಟು ಕಾಲ ಆಗಿತ್ತೋ.

ನಿಮ್ಮ ಕೆಲಸವನ್ನು ಪರೀಕ್ಷೆ ಮಾಡದೆ ಗಾಡಿ ತೆಗೆದದ್ದು ನನ್ನ ತಪ್ಪು. ಡ್ರೈವರ್ ಯಾರ ಮಾತನ್ನೂ ನಂಬಿ ಗಾಡಿ ತೆಗೆಯಬಾರದು. ಅಷ್ಟು ಭಾಗ ನನ್ನದೇ ಇರಲಿ.

ನಿಮ್ಮ ಆ ಕಾಗದವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ, ಅದನ್ನೂ ನವೆಂಬರಿನ ನನ್ನ ಕಾಗದವನ್ನೂ ಸತ್ಯನಾರಾಯಣನಿಗೆ ಓದಿ ಹೇಳಿ. ಬೆಂದದ್ದು ಅವನ ಕಾಲು, ನಮ್ಮದಲ್ಲ. ನಾನು ಓಡಿಸುವ ಗಾಡಿಯಲ್ಲಿ ಕೂರುತ್ತೇನೆ ಎಂದು ಅವನು ಹೇಳಿದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ. ಲೈಸೆನ್ಸು ಮಾತ್ರ ಉಂಟು. ಪ್ರತಿ ಸಲ ಹೋಗಿ ನವೀಕರಿಸಿಕೊಂಡು ಬರುತ್ತಿದ್ದೆ. ಯಾಕೆ ಎಂದು ಕೇಳಬೇಡಿ.

ತಮ್ಮಯ್ಯ


ಟಿ. ನಗರ
2 ಜನವರಿ 2025

ತಮ್ಮಯ್ಯಣ್ಣ,

ಎಫ್.ಸಿ. ಆಯಿತು. ಬ್ರೇಕ್ ಪರೀಕ್ಷೆ ಮಾಡಿದ ಸಾಹೇಬರು ಎರಡನೇ ಸಲ ತುಳಿಯಲೇ ಇಲ್ಲ.

ನೀವು ಹೇಳಿದ್ದನ್ನು ಮಾಡಿದೆ. ಹೋಟೆಲಿನ ಮಧ್ಯಾಹ್ನದ ಬಾಗಿಲು ಹಾಕಿದ ಮೇಲೆ ಸತ್ಯನಾರಾಯಣರನ್ನು ಕೂರಿಸಿಕೊಂಡು ಎರಡೂ ಕಾಗದ ಓದಿದೆ. ಅವರು ಮಜ್ಜಿಗೆ ಅನ್ನ ಕಲಸುತ್ತಲೇ ಕೇಳಿದರು. ಮುಗಿದ ಮೇಲೂ ಎರಡು ತುತ್ತು ತಿಂದರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಜಲಜಮ್ಮ, ಡ್ರಮ್ಮಿನ ಮುಚ್ಚಳಕ್ಕೆ ಎರಡು ಕೊಂಡಿ ಇತ್ತು. ಅವತ್ತು ಅವಸರದಲ್ಲಿ ನಾನು ಒಂದೇ ಹಾಕಿದ್ದು. ಎರಡೂ ಹಾಕಿದ್ರೆ ಸಾಂಬಾರ್ ಚೆಲ್ತಾನೇ ಇರ್ಲಿಲ್ಲ. ಯಾರಾದ್ರೂ ಕೇಳ್ತಾರೆ ಅಂತ ಮೂವತ್ತೊಂದು ವರ್ಷ ಕಾದೆ. ಯಾರೂ ಕೇಳ್ಲಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ ಮಾರಾಯ್ರೆ. ಮೂರು ಜನ, ಒಂದು ಗಾಡಿ, ಒಬ್ಬೊಬ್ಬರೂ ಇಡೀ ತಪ್ಪನ್ನು ತನ್ನ ತಲೆ ಮೇಲೇ ಹೊತ್ತುಕೊಂಡು ಕೂತಿದ್ದೇವೆ. ಮೊದಲೇ ಒಂದು ಬಾಳೆಲೆಯ ಮುಂದೆ ಕೂತು ಮಾತಾಡಿದ್ದರೆ ಆಗುತ್ತಿತ್ತು.

ಗಾಡಿಯಲ್ಲಿ ಕೂರುತ್ತೀರಾ ಅಂತ ಕೇಳಿದೆ. ಅವರು ಕೈತೊಳೆದು, ಹೊರಗೆ ಹೋಗಿ, ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಲಗಡೆಯ ಹಿಂದಿನ ಬಾಗಿಲನ್ನು ನಿಮ್ಮ ಅಂಬಾಸಿಡರ್ ಹಿಡಿ ತಿರುಗಿಸಿ ತೆಗೆದು, ಒಳಗೆ ಹತ್ತಿ ಕೂತು, ಗಾಜನ್ನು ಮೇಲೆ ಕೆಳಗೆ ಮಾಡಿ ನೋಡಿದರು. "ಮರದ ತುಂಡು ಎಲ್ಲಿ?" ಅಂತ ಕೇಳಿದರು. ಇಟ್ಟಿದ್ದೇನೆ ಅಂದೆ. "ತಮ್ಮಯ್ಯನಿಗೆ ಬರೆಯಿರಿ, ಈ ಜಾಗ ನಂದು, ಡ್ರಮ್ ನಾನೇ ಹಿಡ್ಕೊಳ್ತೇನೆ ಅಂತ. ಈ ಸಲ ಎರಡೂ ಕೊಂಡಿ ಹಾಕ್ತೇನೆ."

ಇನ್ನು ನಿಮ್ಮ ಮಾತು ಬಾಕಿ.

ಜಲಜಾಕ್ಷಿ


ಸಾಲಿಗ್ರಾಮ
22 ಜನವರಿ 2025

ಜಲಜಾಕ್ಷಿಯಮ್ಮನವರಿಗೆ,

ಮೂವತ್ತೊಂದನೇ ತಾರೀಕು ಬೆಳಿಗ್ಗೆ ರೈಲಿನಲ್ಲಿ ಬಂದು ಇಳಿಯುತ್ತೇನೆ. ವೀಕ್ಷಾ ಜೊತೆಗಿರುತ್ತಾಳೆ. ನನ್ನನ್ನು ಕರೆದುಕೊಂಡು ಹೋಗಲು ಯಾರೂ ಬರುವುದು ಬೇಡ, ದಾರಿ ಮರೆತಿಲ್ಲ.

ಎರಡು ವಾರದಿಂದ ಮಗನ ಪಿಕಪ್ಪಿನಲ್ಲಿ ದಿನಾ ಕೋಟದವರೆಗೆ ಹೋಗಿ ಬರುತ್ತಿದ್ದೇನೆ. ಮೊದಲ ದಿನ ಮಗ ಹ್ಯಾಂಡ್ ಬ್ರೇಕ್ ಹಿಡಿದೇ ಕೂತಿದ್ದ. ಈಗ ಮಗ ಪಕ್ಕದಲ್ಲಿ ಕೂತು ಪೇಪರ್ ಓದುತ್ತಾನೆ.

ಗಾಡಿಯನ್ನು ಒಂದನೇ ತಾರೀಕು ಪೂರ್ತಿ ನನಗೆ ಬಿಡಿ. ಯಾರು ಎಷ್ಟೇ ನೋಡಿದ್ದರೂ ಬಾನೆಟ್ ಎತ್ತಿ ಎಲ್ಲವನ್ನೂ ನಾನೇ ಇನ್ನೊಮ್ಮೆ ನೋಡುತ್ತೇನೆ. ನೀವು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಿರಿ, ಮೊದಲಿನ ಹಾಗೆ.

ಹೊರಡುವ ಮುಂಚೆ ಪೂಜೆ ಆಗಲಿ. ಚಕ್ರಕ್ಕೆ ನಿಂಬೆಹಣ್ಣು ಇಡಿ, ಹೂವು ಹಾಕಿ, ದೀಪವನ್ನೂ ಹಚ್ಚಿ. ಎಣ್ಣೆಯ ಡಬ್ಬಿ ಮಾತ್ರ ದೇವರ ಕೋಣೆಯಲ್ಲೇ ಇರಲಿ.

ತಮ್ಮಯ್ಯ